ಹೊಸ್ತಿಲ ಹೊರಗುಳಿಯುವ ಮೆತ್ತೆ

ಬೆಳಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲೂರಿದೊಡನೆಯೇ ಹಿಮ್ಮಡಿಗೆ ಮುಳ್ಳು ನೆಟ್ಟಂತಾಗುವುದೆಂದು ದೂರುವವರು ಎಷ್ಟೋ ಮನೆಗಳಲ್ಲಿರುವರು. ನಾಲ್ಕು ಹೆಜ್ಜೆ ನಡೆದ ಬಳಿಕ ನೋವು ತಗ್ಗುವುದರಿಂದ ಅದನ್ನು ವಾಯುವೆಂದು ತಳ್ಳಿಹಾಕುವುದು ವಾಡಿಕೆ. ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ದಪ್ಪನಾದ ನಾರಿನ ಪಟ್ಟಿಯೊಂದುಂಟು. ಬಿಲ್ಲಿಗೆ ಹೆದೆಯಿರುವಂತೆ ಪಾದದ ಕಮಾನಿಗೆ ಅದು. ಬಹು ಹೊತ್ತು ನಿಲ್ಲುವುದರಿಂದಲೂ, ಮೈತೂಕದಿಂದಲೂ, ಕಮಾನು ತೀರ ತಗ್ಗಾಗಿ ಇಲ್ಲವೆ ತೀರ ಎತ್ತರವಾಗಿ ಇರುವುದರಿಂದಲೂ ಆ ಹೆದೆ ಜಗ್ಗಿ ನೋಯುವುದು.

ಇಂತಹವರಿಗೆ ಪಾದರಕ್ಷೆಯೊಳಗೆ ಇಡುವ ಮೆತ್ತೆಯನ್ನು ವೈದ್ಯರು ಸೂಚಿಸುವುದುಂಟು. ಅದು ಕಮಾನಿಗೆ ಒತ್ತಾಸೆಯಾಗಿ ನಿಂತು, ಹಿಮ್ಮಡಿಯ ಭಾರವನ್ನು ಅಂಗಾಲಿನ ಉದ್ದಕ್ಕೂ ಹಂಚುವುದು. ಅಳತೆ ಕೊಟ್ಟು ಮಾಡಿಸಿದ ದುಬಾರಿ ಮೆತ್ತೆಯೇ ಆಗಬೇಕೆಂದಿಲ್ಲ. ಹಿಮ್ಮಡಿಯ ನೋವಿಗೆ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವುದೂ ಬಹುಮಟ್ಟಿಗೆ ಅಷ್ಟೇ ಉಪಕಾರಿಯೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಎಳೆಯ ಮಕ್ಕಳ ಚಪ್ಪಟೆ ಪಾದಕ್ಕೆ, ನೋವಿಲ್ಲದಿದ್ದರೆ, ಅದೂ ಬೇಡ. ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ಕಮಾನು ತಾನಾಗಿಯೇ ಮೂಡುವುದು.

ಆದರೆ ಅಂಗಡಿಯವರು ಹೇಳದ ಮಾತೊಂದಿದೆ. ನಮ್ಮ ದೇಶದಲ್ಲಿ ಈ ಮೆತ್ತೆಯು ಚಪ್ಪಲಿಯೊಡನೆ ಹೊಸ್ತಿಲ ಹೊರಗೇ ಉಳಿಯುವುದು! ಗೃಹಿಣಿಯು ಅಡುಗೆಮನೆಯ ಕಲ್ಲು ಚಪ್ಪಡಿಯ ಮೇಲೆ ಗಂಟೆಗಟ್ಟಲೆ ಬರಿಗಾಲಿನಲ್ಲಿ ನಿಂತು, ಸಂಜೆ ಪೇಟೆಗೆ ಹೋಗುವ ಅರ್ಧ ಗಂಟೆ ಮಾತ್ರ ಅದನ್ನು ತೊಟ್ಟರೆ ಫಲವೇನು? ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಎರಡು ತಿಂಗಳು ಮೆತ್ತೆಯನ್ನು ಬೈದು, ಕಡೆಗೆ ಒಳಗೆ ತೊಡಲೆಂದೇ ಕಮಾನಿಗೆ ಆಧಾರವಿರುವ ಮೆತ್ತನೆಯ ಇನ್ನೊಂದು ಜೊತೆಯನ್ನು ತಂದೆವು. ಹಿರಿಯರು ಮೊದಲು ಮುಖ ಗಂಟಿಕ್ಕಿದರು; ಬೀದಿಯ ಕೊಳೆ ಕಾಣದ ಚಪ್ಪಲಿ, ದೇವರ ಕೋಣೆಯ ಬಾಗಿಲಲ್ಲಿ ಕಳಚುವೆವೆಂದು ಹೇಳಿದ ಮೇಲೆ ಸುಮ್ಮನಾದರು. ಇದರೊಡನೆ, ಏಳುವ ಮೊದಲು ಹಾಸಿಗೆಯಲ್ಲಿಯೇ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನತ್ತ ಎಳೆದು ಹಿಡಿದು ಹತ್ತೆಣಿಸುವುದು, ಹೀಗೆ ಹತ್ತು ಸಲ. ನೋವು ಇಳಿಯಲು ತಿಂಗಳುಗಳೇ ಹಿಡಿದವು, ಇಳಿದುದಂತೂ ನಿಜ.

ಮಧುಮೇಹಿಗಳ ವಿಷಯ ಇದಕ್ಕಿಂತ ಗಂಭೀರವಾದುದು. ಅವರಲ್ಲಿ ಕೆಲವರ ಪಾದಕ್ಕೆ ನೋವೇ ತಿಳಿಯದು. 1946ರಲ್ಲಿ ವೆಲ್ಲೂರಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು, ಸ್ಪರ್ಶಜ್ಞಾನ ಕಳೆದುಕೊಂಡ ಕುಷ್ಠರೋಗಿಗಳ ಅಂಗಾಲಿನಲ್ಲಿ ಹುಣ್ಣಾಗುವುದು ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡದಿಂದಲೆಂದು ತೋರಿಸಿಕೊಟ್ಟರು. ಅಂತಹ ಕಾಲುಗಳಿಗಾಗಿ ಬಳಕೆಗೆ ಬಂದ, ಸಣ್ಣ ಗಾಳಿಗೂಡುಗಳುಳ್ಳ ರಬ್ಬರಿನ ಎಂ.ಸಿ.ಆರ್. ಚಪ್ಪಲಿಗಳೇ ಇಂದು ಮಧುಮೇಹಿಗಳಿಗೂ ದೊರೆಯುತ್ತವೆ. ಇವರು ಮನೆಯೊಳಗೂ ಬರಿಗಾಲಿನಲ್ಲಿ ನಡೆಯಕೂಡದು. ವೈದ್ಯರನ್ನು ಕೇಳದೆ ಮೆತ್ತೆಯನ್ನು ಕೊಳ್ಳಲೂ ಕೂಡದು. ಹೊಸದನ್ನು ತೊಟ್ಟ ದಿನ ಸಂಜೆ ಅಂಗಾಲಿಗೆ ಕನ್ನಡಿ ಹಿಡಿದು ನೋಡಿ, ಕೆಂಪು ಕಲೆ ಕಂಡರೆ ಆ ಮೆತ್ತೆಯನ್ನು ಮರುದಿನ ತೊಡದೆ ವೈದ್ಯರಿಗೆ ತೋರಿಸತಕ್ಕದ್ದು.