ಗೋಡೆಯ ಮೇಲಿನ ಜೋಡಿ ದೋಣಿ

ಹವಾಯಿ ದ್ವೀಪಗಳು ಅಮೆರಿಕದ 50ನೇ ರಾಜ್ಯವಾದದ್ದು 1959ರಲ್ಲಿ. ಅದೇ ವರ್ಷ ಅಲ್ಲಿಗೆ ಜೆಟ್ ವಿಮಾನಗಳು ಬಂದವು. ಅವುಗಳ ಬೆನ್ನಿಗೇ ಪ್ರವಾಸಿಗರು, ಅವರಿಗಾಗಿ ಕಡಲಂಚಿನ ಉದ್ದಕ್ಕೂ ಹೋಟೆಲುಗಳು. ಅಂಥ ಹೋಟೆಲುಗಳ ಬೋಳು ಗೋಡೆಗಳಿಗೆ ಕಲಾವಿದರು ಆರಿಸಿಕೊಂಡ ವಸ್ತುಗಳಲ್ಲಿ ಒಂದು, ಪಾಲಿನೇಷ್ಯದ ಪೂರ್ವಿಕರ ಸಮುದ್ರಯಾನ. ನಡುವೆ ಅಟ್ಟಣೆ ಕಟ್ಟಿ ಜೋಡಿಸಿದ ಎರಡು ದೋಣಿ, ಏಡಿಯ ಕೊಂಡಿಯಂಥ ಹಾಯಿ, ಸುತ್ತ ಸಿಮೆಂಟಿನಲ್ಲೇ ಎದ್ದ ಅಲೆಗಳು.

ಇದು ಬಣ್ಣ ಬಳಿಯುವಷ್ಟು ಸುಲಭವಲ್ಲ. ಕಬ್ಬಿಣದ ಸರಳು, ತಂತಿ ಜಾಲರಿಯ ಮೇಲೆ ಗಾರೆ ಮೆತ್ತಿ, ಅದು ಹಸಿಯಿರುವಾಗಲೇ ಕರಣೆ, ಚಾಕುಗಳಿಂದ ರೂಪ ಬಿಡಿಸಬೇಕು. ಸಿಮೆಂಟು ಯಾರಿಗೂ ಕಾಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಬಿಗಿಯುತ್ತದೆ. ನಮ್ಮ ಗೋಪುರಗಳ ಗಾರೆಯ ಗೊಂಬೆಗಳನ್ನು ಮಾಡುವವರಿಗೆ ಈ ಅವಸರ ಚೆನ್ನಾಗಿ ಗೊತ್ತು.

ವಿಚಿತ್ರವೆಂದರೆ, ಗೋಡೆಯ ಮೇಲೆ ಧೈರ್ಯವಾಗಿ ಸಾಗುತ್ತಿದ್ದ ಈ ನೌಕೆಯನ್ನು ವಿದ್ವಾಂಸರೆಲ್ಲ ನಂಬಿರಲಿಲ್ಲ. ದಿಕ್ಸೂಚಿಯಿಲ್ಲದವರು ಅಷ್ಟು ದೂರ ಗುರಿಯಿಟ್ಟು ಹೋಗಲಾರರು, ಗಾಳಿಗೆ ಸಿಕ್ಕಿ ದಾರಿತಪ್ಪಿದವರೇ ದ್ವೀಪಗಳನ್ನು ಮುಟ್ಟಿರಬೇಕು ಎಂದು ನ್ಯೂಜಿಲೆಂಡಿನ ಆಂಡ್ರೂ ಶಾರ್ಪ್ 1956ರಲ್ಲಿ ವಾದಿಸಿದ್ದರು. ಒಂದು ಜನಾಂಗದ ಹಿರಿಯರು ನಾವಿಕರೋ, ದಿಕ್ಕೆಟ್ಟವರೋ? ಪ್ರಶ್ನೆ ಸಣ್ಣದಲ್ಲ.

ಉತ್ತರಕ್ಕೆ ಕೈಹಾಕಿದವರಲ್ಲೂ ಒಬ್ಬ ಚಿತ್ರಕಾರರಿದ್ದರು. ಹಳೆಯ ದೋಣಿಗಳನ್ನು ಅಭ್ಯಾಸ ಮಾಡಿ ಚಿತ್ರಿಸುತ್ತಿದ್ದ ಹರ್ಬ್ ಕಾನೆ, ಮಾನವಶಾಸ್ತ್ರಜ್ಞ ಬೆನ್ ಫಿನ್ನಿ ಮತ್ತು ಟಾಮಿ ಹೋಮ್ಸ್ ಸೇರಿ 1973ರಲ್ಲಿ ಪಾಲಿನೇಷ್ಯನ್ ವಾಯೇಜಿಂಗ್ ಸೊಸೈಟಿ ಕಟ್ಟಿದರು. ಕಾನೆಯವರ ವಿನ್ಯಾಸದ, ಸುಮಾರು 62 ಅಡಿಯ ಜೋಡಿ ದೋಣಿ 1975ರಲ್ಲಿ ನೀರಿಗಿಳಿಯಿತು. ಪ್ಲೈವುಡ್, ಫೈಬರ್‌ಗ್ಲಾಸ್ ಹೊಸದಾದರೂ ಆಕಾರ ಹಳೆಯದೇ. ಹೆಸರು 'ಹೋಕುಲೇಅ', ಅಂದರೆ ಸಂತೋಷದ ನಕ್ಷತ್ರ. ಹವಾಯಿಯ ನೆತ್ತಿಯ ಮೇಲೆ ಹಾಯ್ದುಹೋಗುವ ಆ ನಕ್ಷತ್ರ ಬೇರೆ ಯಾವುದೂ ಅಲ್ಲ, ನಮ್ಮ ಸ್ವಾತಿ.

ದೋಣಿಯೇನೋ ಸಿದ್ಧವಾಯಿತು, ನಡೆಸುವವರಾರು? ಹವಾಯಿಯಲ್ಲಿ ಆ ವಿದ್ಯೆ ಬಲ್ಲವರು ಉಳಿದಿರಲಿಲ್ಲ. ಮೈಕ್ರೊನೇಷ್ಯದ ಸಟವಾಲ್ ಎಂಬ ಪುಟ್ಟ ದ್ವೀಪದಿಂದ ಮೌ ಪಿಯಾಲುಗ್ ಬಂದರು. ಬಾಲ್ಯದಲ್ಲೇ ಅಜ್ಜನಿಂದ ಕಲಿತವರು. ನಕ್ಷತ್ರಗಳು ಹುಟ್ಟಿ ಮುಳುಗುವ ಜಾಗ, ಅಲೆಗಳು ಬರುವ ದಿಕ್ಕು, ಸಂಜೆ ನೆಲಕ್ಕೆ ಮರಳುವ ಹಕ್ಕಿಗಳು, ಇವೇ ಅವರ ನಕ್ಷೆ. 1976ರ ಮೇ 1ರಂದು ಮಾವಿ ದ್ವೀಪದಿಂದ ಹೊರಟ ಹೋಕುಲೇಅ, ಉಪಕರಣಗಳ ನೆರವಿಲ್ಲದೆ ಎರಡು ಸಾವಿರಕ್ಕೂ ಹೆಚ್ಚು ಮೈಲಿ ಸಾಗಿ ಜೂನ್ 4ರಂದು ತಹೀತಿಯನ್ನು ಮುಟ್ಟಿತು. ದಡದಲ್ಲಿ ಸಾವಿರಾರು ಜನ ಕಾದಿದ್ದರು.

ಇನ್ನೂ ದೊಡ್ಡ ಕೆಲಸ ಆಮೇಲಿನದು. ತಮ್ಮವರಲ್ಲದವರಿಗೆ ಹೇಳಿಕೊಡದ ವಿದ್ಯೆಯನ್ನು ಮೌ, ಹವಾಯಿಯ ತರುಣ ನೈನೋವಾ ಥಾಂಪ್ಸನ್‌ಗೆ ಕಲಿಸಿದರು. ಸ್ವಂತ ದ್ವೀಪದ ಹುಡುಗರೇ ಅದರಲ್ಲಿ ಆಸಕ್ತಿ ಕಳೆದುಕೊಳ್ಳುತ್ತಿದ್ದ ಕಾಲ ಅದು. ನಡುವೆ 1978ರಲ್ಲಿ ಹೋಕುಲೇಅ ಬಿರುಗಾಳಿಗೆ ಮಗುಚಿತು. ಸಹಾಯ ತರಲೆಂದು ಅಲೆಹಲಗೆಯ ಮೇಲೆ ಹೊರಟ ಎಡ್ಡಿ ಐಕಾವು ಮರಳಲೇ ಇಲ್ಲ. ಆದರೂ 1980ರಲ್ಲಿ ನೈನೋವಾ ತಹೀತಿಗೆ ಹೋಗಿ, ಅದೇ ನಕ್ಷತ್ರಗಳನ್ನು ನಂಬಿ ಮನೆಗೆ ಮರಳಿದರು.

ಮೇ ಕೊನೆಯ ವಾರ, ರಾತ್ರಿ ಹತ್ತು ದಾಟಿದ ಮೇಲೆ, ಮೋಡವಿಲ್ಲದಿದ್ದರೆ ಮಕ್ಕಳನ್ನು ಮಾಳಿಗೆಗೆ ಕರೆದೊಯ್ಯಬಹುದು. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಚುಕ್ಕಿಯೊಂದು ಸಿಗುತ್ತದೆ. ಬೀದರಿನಲ್ಲಂತೂ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ.