ಮಗುವಿನ ಕೈಗೆ ಆಟ ಕೊಡುವ ಮುನ್ನ

ಚೌಕಾಬಾರದ ಮನೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ಕವಡೆ ಎಸೆಯುತ್ತಿದ್ದ ಕಾಲದಲ್ಲಿ, ಮಗು ಏನು ಆಡುತ್ತಿದೆಯೆಂದು ಮನೆಯ ಹಿರಿಯರು ವಿಚಾರಿಸಬೇಕಾಗಿರಲಿಲ್ಲ. ಎದುರು ಬದಿಯಲ್ಲಿ ಕುಳಿತು ಕಾಯಿ ನಡೆಸುತ್ತಿದ್ದವರು ಅಜ್ಜಿಯೇ. ಅಳಗುಳಿಮನೆಯ ಗುಳಿಗಳಿಗೆ ಹುಣಸೆಬೀಜ ಹಾಕುವಾಗ ಎಣಿಕೆ ತಪ್ಪಿಸಿದವನ ಕಿವಿ ಹಿಂಡಲು ಸೋದರತ್ತೆಯೋ ಚಿಕ್ಕಪ್ಪನೋ ಪಕ್ಕದಲ್ಲಿಯೇ ಇರುತ್ತಿದ್ದರು. ಇಂದಿನ ಮಗುವಿನ ಆಟ ಅಂಗೈಯಗಲದ ಗಾಜಿನೊಳಗೆ ನಡೆಯುತ್ತದೆ. ಆಟದ ಹೆಸರು ತಂದೆಗೆ ತಿಳಿಯದು. ಎದುರಾಳಿ ಯಾರೆಂಬುದು ತಾಯಿಗೆ ಕಾಣದು. ವಿಡಿಯೊ ಆಟಗಳ ವಿಷಯದಲ್ಲಿ ಗೃಹಸ್ಥರಿಗಿರುವ ಆತಂಕದ ಮೂಲ ಇದೇ. ಆಟ ಹೊಸದಾದುದು ದೋಷವಲ್ಲ; ಹಿರಿಯರು ಅದರ ಹೊರಗೆ ಉಳಿದುದು ದೋಷ.

“ಹಾಗಾದರೆ ಫೋನನ್ನೇ ಕೊಡದಿದ್ದರಾಯಿತು” ಎನ್ನುವವರುಂಟು. ತೀರ ಎಳೆಯ ಕೂಸಿನ ಮಟ್ಟಿಗೆ ಈ ಮಾತು ಸರಿಯೇ. ಎರಡು ವರ್ಷ ತುಂಬದ ಮಗುವಿಗೆ ಪರದೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ, ಅದಕ್ಕೂ ಕಡಮೆಯಾದರೆ ಇನ್ನೂ ಲೇಸೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ಆರೇಳು ವರ್ಷದ ಮಗು ಶಾಲೆಯ ಗೆಳೆಯರಿಂದ ಆಟಗಳ ಹೆಸರು ಕಲಿತು ಬಂದ ಮೇಲೆ ಬರಿಯ ನಿಷೇಧ ಬಹುದಿನ ನಿಲ್ಲದು. ತನ್ನ ಮನೆಯಲ್ಲಿ ಸಿಗದ ಆಟವನ್ನು ಅದು ಇನ್ನೊಬ್ಬರ ಮನೆಯಲ್ಲಿ, ಇನ್ನೊಬ್ಬರ ಆಯ್ಕೆಯಂತೆ ಆಡುತ್ತದೆ. ಆದುದರಿಂದ ಆರಿಸುವ ಹೊಣೆಯಿಂದ ತಾಯ್ತಂದೆಗಳಿಗೆ ಬಿಡುಗಡೆಯಿಲ್ಲ.

ಆರಿಸುವುದು ಹೇಗೆ? ಆಟದ ಹೆಸರಿನ ಬಳಿ 3+, 7+, 12+ ಎಂಬ ಅಂಕಿಗಳನ್ನು ನೋಡಿಯೇ ಅನೇಕರು ತೃಪ್ತರಾಗುತ್ತಾರೆ. ಇಂಥ ಗುರುತುಗಳಿಗೆ ಒಂದು ಚರಿತ್ರೆಯಿದೆ. ‘ಮಾರ್ಟಲ್ ಕಾಂಬ್ಯಾಟ್’ ಮೊದಲಾದ ಆಟಗಳ ರಕ್ತಪಾತವನ್ನು ಕುರಿತು 1993ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ ನಡೆಯಿತು. ಮರುವರ್ಷವೇ ಅಲ್ಲಿಯ ಆಟದ ಉದ್ಯಮಿಗಳು ‘ಇ.ಎಸ್.ಆರ್.ಬಿ.’ ಎಂಬ ಮಂಡಲಿಯನ್ನು ಕಟ್ಟಿಕೊಂಡರು. ಯೂರೋಪಿನ ‘ಪೆಗಿ’ 2003ರಲ್ಲಿ ಬಂದಿತು. ಹೊಡೆದಾಟ, ಭೀತಿ, ಅಶ್ಲೀಲತೆ, ಕೆಟ್ಟ ಮಾತು ಇವು ಎಷ್ಟಿವೆಯೆಂಬುದನ್ನು ಅಂಕಿ ತಿಳಿಸುತ್ತದೆ. ಅದು ಉಪಯುಕ್ತವೇ. ಆದರೆ 3+ ಎಂದರೆ ಮೂರು ವರ್ಷದ ಮಗುವಿಗೆ ತಕ್ಕುದೆಂದು ಅರ್ಥವಲ್ಲ. ಚದುರಂಗದಲ್ಲಿ ರಕ್ತವೂ ಇಲ್ಲ, ಬೈಗಳೂ ಇಲ್ಲ. ಹಾಗೆಂದು ಮೂರು ವರ್ಷದ ಮಗು ಚದುರಂಗ ಆಡೀತೆ? ಕಣ್ಣಿಗೆ ಕಾಣುವುದನ್ನು ಅಂಕಿ ಹೇಳುತ್ತದೆ. ಆಟದೊಳಗೆ ಯಾರು ಮಾತನಾಡುತ್ತಾರೆ, ಆಟ ಏನನ್ನು ಕೇಳುತ್ತದೆ, ಯಾವಾಗ ಬಿಡುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ತಾಯ್ತಂದೆಗಳೇ ಉತ್ತರ ಹುಡುಕಬೇಕು.

ಮೊದಲನೆಯದು ಮಾತಿನ ಪ್ರಶ್ನೆ. ‘ಫೋರ್ಟ್‌ನೈಟ್’ ಆಟದ ತಯಾರಕರಾದ ಎಪಿಕ್ ಗೇಮ್ಸ್ ಸಂಸ್ಥೆಯವರು 2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ 52 ಕೋಟಿ ಡಾಲರುಗಳಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಮಕ್ಕಳು ಆಡುವಾಗಲೂ ಅಪರಿಚಿತರೊಡನೆ ಸಂಭಾಷಣೆ ಮೊದಲಿನಿಂದಲೇ ತೆರೆದಿರುತ್ತಿತ್ತೆಂಬುದು ಕಮಿಷನ್ನಿನ ಆರೋಪಗಳಲ್ಲಿ ಒಂದು. ಬೀದಿಯಲ್ಲಿ ಗುರುತಿಲ್ಲದವರು ಕರೆದರೆ ಹೋಗಬೇಡವೆಂದು ಕಲಿಸುವ ಮನೆಯಲ್ಲಿಯೇ, ಮಗುವಿನ ಕಿವಿಗೆ ಗುರುತಿಲ್ಲದವರ ದನಿ ಬೀಳುತ್ತಿರಬಹುದು. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಫೋನಿನ ಇಂಟರ್ನೆಟ್ ಸಂಪರ್ಕವನ್ನು ನಿಲ್ಲಿಸಿ ಆಟವನ್ನು ತೆರೆಯಬೇಕು. ಆಗಲೂ ನಡೆಯುವ ಆಟವನ್ನು ಸಂಪರ್ಕವಿಲ್ಲದೆಯೇ ಆಡಿಸಿದರೆ ಹೊರಗಿನವರು ಒಳಗೆ ಬರಲಾರರು. ಚಿಕ್ಕ ಮಕ್ಕಳಿಗೆ ಅಂಥ ಆಟವೇ ಸಾಕು.

ಎರಡನೆಯದು ಹಣದ ಪ್ರಶ್ನೆ. ಪುಕ್ಕಟೆಯಾಗಿ ಸಿಗುವ ಆಟ ನಡುವೆ ನಿಂತು ನಾಣ್ಯ, ಉಡುಪು, ಆಯುಧಗಳನ್ನು ಕೊಳ್ಳೆನ್ನುತ್ತದೆ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಗಳನ್ನು ಮಾರುವ ಆಟಗಳೂ ಇವೆ. ಅಂಥವುಗಳ ಮೇಲೆ ಆ ವಿಷಯವನ್ನು ಪ್ರತ್ಯೇಕವಾಗಿ ಸೂಚಿಸುವ ಕ್ರಮವನ್ನು ಮೇಲೆ ಹೇಳಿದ ಎರಡು ಮಂಡಲಿಗಳೂ 2020ರಲ್ಲಿ ತಂದವು. ಜಾತ್ರೆಯಲ್ಲಿ ಅದೃಷ್ಟದ ಚಕ್ರ ತಿರುಗಿಸುವವನ ಮುಂದೆ ಮಗುವನ್ನು ಒಂಟಿಯಾಗಿ ಬಿಟ್ಟು ಬರುವ ತಾಯಿಯುಂಟೆ? ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಭಾರತದ ಸಂಸತ್ತು 2025ರ ಕಾನೂನಿನಿಂದ ನಿಷೇಧಿಸಿತು. ಆದರೆ ಮಗುವಿನ ಬೆರಳಿಗೂ ತಂದೆಯ ಬ್ಯಾಂಕಿನ ಖಾತೆಗೂ ನಡುವೆ ಬೀಗ ಹಾಕುವ ಕೆಲಸ ಮನೆಯವರದೇ. ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಫೋನನ್ನು ಸಿದ್ಧಪಡಿಸಲು ಹೆಚ್ಚು ಹೊತ್ತು ಬೇಕಾಗದು. ಒಮ್ಮೆ ಬೆಲೆ ಕೊಟ್ಟು ಕೊಂಡು, ಜಾಹೀರಾತಿಲ್ಲದೆ ಆಡಬಹುದಾದ ಆಟ ಎಷ್ಟೋ ವೇಳೆ ಪುಕ್ಕಟೆಯ ಆಟಕ್ಕಿಂತ ಅಗ್ಗವಾಗುತ್ತದೆ.

ಮೂರನೆಯದು ಬಿಡುವಿನ ಪ್ರಶ್ನೆ. ಕಾಯಿಗಳೆಲ್ಲ ಹಣ್ಣಾದರೆ ಚೌಕಾಬಾರ ಮುಗಿಯಿತು. ಇಂದು ಬಾರದಿದ್ದರೆ ನಾಳೆಯ ಬಹುಮಾನ ತಪ್ಪಿತೆಂದು ಹೆದರಿಸಿ ಕರೆಯುವ ಆಟ ಮುಗಿಯುವುದೇ ಇಲ್ಲ. ಮೂರು ಸುತ್ತಿನ ಓಟ, ಒಂದು ಚಿತ್ರದ ಜೋಡಣೆ ಹೀಗೆ ತಾನಾಗಿ ಕೊನೆಗಾಣುವ ಆಟಗಳು ಎಳೆಯರಿಗೆ ಹಿತ. ಏಳೆಂಟು ವರ್ಷದವರಿಗೆ ‘ಮೈನ್‌ಕ್ರಾಫ್ಟ್’ ಆಟವನ್ನು ಇತರರ ಲೋಕಕ್ಕೆ ಸೇರಿಸದೆ, ‘ಕ್ರಿಯೇಟಿವ್’ ಕ್ರಮದಲ್ಲಿ ಆಡಿಸಿದರೆ ಅದು ಬಣ್ಣದ ಇಟ್ಟಿಗೆಗಳ ಪೆಟ್ಟಿಗೆಯಂತೆಯೇ ಇರುತ್ತದೆ. ಐದರಿಂದ ಏಳು ವರ್ಷದವರು ತಾವೇ ಕಥೆ ಕಟ್ಟಿ ಬೊಂಬೆಗಳನ್ನು ನಡೆಸುವ ‘ಸ್ಕ್ರ್ಯಾಚ್ ಜೂನಿಯರ್’ ಬೆಲೆಯಿಲ್ಲದೆ ದೊರೆಯುತ್ತದೆ.

ಎಷ್ಟೇ ಒಳ್ಳೆಯ ಆಟವಾದರೂ ಹೊತ್ತು ಮೀರಬಾರದು. ಆದರೆ ನಿಲ್ಲಿಸುವುದಕ್ಕೂ ಒಂದು ರೀತಿಯಿದೆ. ಅರ್ಧ ಕಟ್ಟಿದ ಕೋಟೆಯೊಡನೆ ಫೋನನ್ನು ಕಿತ್ತುಕೊಳ್ಳುವುದು, ಅರ್ಧ ಬರೆದ ರಂಗೋಲಿಯ ಮೇಲೆ ನೀರು ಚೆಲ್ಲಿದಂತೆ. ಐದು ನಿಮಿಷ ಮೊದಲೇ ಹೇಳಿ, ಆ ಸುತ್ತು ಮುಗಿಯಲು ಬಿಟ್ಟರೆ ಅಳು ಎಷ್ಟೋ ಕಡಮೆಯಾಗುತ್ತದೆ. ಊಟ, ನಿದ್ರೆ, ಪಾಠಗಳನ್ನು ತಿಂಗಳುಗಟ್ಟಲೆ ಮರೆಸುವ ಮಟ್ಟಿಗೆ ಆಟ ಹಿಡಿದಿದ್ದರೆ ಬೈಗಳು ಮದ್ದಾಗದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥವರಿಗಾಗಿಯೇ 2014ರಲ್ಲಿ ‘ಷಟ್ ಕ್ಲಿನಿಕ್’ ತೆರೆಯಿತು. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಇನ್ನುಳಿದುದು ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊಸ ಆಟವನ್ನು ಮೊದಲು ಅರ್ಧ ಗಂಟೆ ಹಿರಿಯರೇ ಆಡಿ ನೋಡಬೇಕು. ಬಳಿಕ ಮಗುವಿನೊಡನೆ, ನಡುಮನೆಯಲ್ಲಿ, ಎಲ್ಲರ ಕಣ್ಣೆದುರಿಗೆ ಆಡಬೇಕು. ಎಷ್ಟು ಎಚ್ಚರವಹಿಸಿದರೂ ಒಂದು ದಿನ ಮಗು ನೋಡಬಾರದುದನ್ನು ನೋಡೀತು, ಕೇಳಬಾರದುದನ್ನು ಕೇಳೀತು. ಹೇಳಿದರೆ ಫೋನು ಹೋದೀತೆಂಬ ಭಯವಿರುವ ಮಗು ಅದನ್ನು ತನ್ನೊಳಗೇ ಇಟ್ಟುಕೊಂಡು ಬೆದರುತ್ತದೆ. ಅಂಥ ದಿನ ಅದು “ಅಪ್ಪಾ, ಇಲ್ಲಿ ನೋಡು” ಎಂದು ಓಡಿ ಬರಬೇಕಾದರೆ, ಅದಕ್ಕೆ ಮೊದಲು ಎಷ್ಟೋ ಸಂಜೆ ಅಪ್ಪ ಅದರ ಪಕ್ಕದಲ್ಲಿ ಕುಳಿತು, ಆಡಿ, ಸೋತು, ನಕ್ಕಿರಬೇಕು.