ಎಷ್ಟು ಪರ್ಸೆಂಟ್ ಕೊಟ್ಟಾರ?

ಅಂಗವಿಕಲರ ಪಗಾರದ, ಅಂದರೆ ತಿಂಗಳ ಪಿಂಚಣಿಯ, ಮಾತು ಬಂದರೆ ಸಾಕು, ಓದಿಕೊಂಡವರ ಬಾಯಲ್ಲಿ ಮೊದಲು ಬರುವುದು ಬೋಗಸ್ ಸರ್ಟಿಫಿಕೇಟಿನ ಕತೆ. 2024ರಲ್ಲಿ ಅಂಥದೇ ಆರೋಪ ಹೊತ್ತ ತರಬೇತಿ ಐಎಎಸ್ ಅಧಿಕಾರಿ ಪೂಜಾ ಖೇಡ್ಕರ್ ಪ್ರಕರಣ ಸುದ್ದಿಯಾದ ಮೇಲಂತೂ ಕೈಕಾಲು ಊನವಾದವರೆಲ್ಲ ಅನುಮಾನದ ಕಟಕಟೆಯಲ್ಲಿ ನಿಂತರು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಪ್ರಮಾಣಪತ್ರ ಕೊಡಲು ಒಂದು ತಿಂಗಳಿದ್ದ ಗಡುವು ಮೂರು ತಿಂಗಳಾಯಿತು. ನಮ್ಮ ಕರ್ನಾಟಕದ ಕಂದಾಯ ಇಲಾಖೆ 2022ರಲ್ಲಿ ‘ಹಲೋ ಕಂದಾಯ ಸಚಿವರೇ’ ಎಂದು ಸಹಾಯವಾಣಿ ತೆರೆದು, ಫೋನ್ ಮಾಡಿದ 72 ಗಂಟೆಯಲ್ಲಿ ಪಿಂಚಣಿ ಎಂದಿತ್ತು. ಪಿಂಚಣಿಗೆ ಮೊದಲು ಬೇಕಾದ ಕಾಗದಕ್ಕೇ ಈಗ ಮೂರು ತಿಂಗಳು.

ಕಳ್ಳರನ್ನು ಹಿಡಿಯಬೇಡಿ ಎಂದು ಯಾರೂ ಹೇಳುತ್ತಿಲ್ಲ. ಧಾರಾಳವಾಗಿ ಹಿಡಿಯಿರಿ. ನನ್ನ ತಕರಾರು ಅಳತೆಗೋಲಿನ ಮೇಲೆ. ದುಡಿಯಲಾಗದವನಿಗೆ ಎಂದು ಕೊಡುವ ಪಗಾರಕ್ಕೆ ಸರ್ಕಾರ ಅಳೆಯುವುದು ಅಂಗವನ್ನು, ದುಡಿಮೆಯನ್ನಲ್ಲ.

ವಿಜಯಪುರ ಜಿಲ್ಲೆಯ ಅಮೋಘಸಿದ್ಧನ ಅರಕೇರಿ ಕಡೆಯ ಒಬ್ಬ ಕೂಲಿಯವನು ಎಂದಿಟ್ಟುಕೊಳ್ಳಿ. ನಲವತ್ತೈದರ ಆಸುಪಾಸು, ಸಹಿ ಮಾಡಲಿಕ್ಕೆ ಮಾತ್ರ ಬರುತ್ತದೆ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿಗೆ, ಅಂದರೆ ಬಳ್ಳಿ ಕತ್ತರಿಸಲು, ಹೋಗುತ್ತಿದ್ದ, ಅದು ಮುಗಿದರೆ ಕಬ್ಬು ಕಡಿಯುವ ಗ್ಯಾಂಗಿಗೆ. ಟ್ರ್ಯಾಕ್ಟರಿನ ಟ್ರೇಲರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಆದರೆ ಮೂರು ಬೆರಳು ಮಡಚುವುದಿಲ್ಲ. ಕತ್ತರಿ ಹಿಡಿದರೆ ಬೀಳುತ್ತದೆ, ಕುಡಗೋಲು ಹಿಡಿಯುವ ಮಾತೇ ಇಲ್ಲ. ಆಸ್ಪತ್ರೆಯ ಬೋರ್ಡು ಪಗಾರಕ್ಕೆ ಬೇಕಾದ ನಲವತ್ತು ಪರ್ಸೆಂಟಿಗೆ ಎರಡು ಕಡಿಮೆ ಕೊಟ್ಟಿತು. ವೈದ್ಯರದು ತಪ್ಪಲ್ಲ. ಮಾರ್ಗಸೂಚಿಯ ಕೋಷ್ಟಕ ಹಿಡಿದು ಕೂಡಿಸಿದರೆ ಅಷ್ಟೇ ಬರುತ್ತದೆ. ಊರಿಗೆ ಬಂದಾಗ ಕಟ್ಟೆಯ ಮೇಲಿನವರು ಕೇಳುವುದೂ ಅದನ್ನೇ: ‘ಎಷ್ಟು ಪರ್ಸೆಂಟ್ ಕೊಟ್ಟಾರ?’ ಮೂವತ್ತೆಂಟು ಎಂದರೆ ‘ಹಂಗಾರ ಪಗಾರ ಇಲ್ಲ ಬಿಡೋ ತಮ್ಮಾ’ ಎಂದು ಅವರೇ ತೀರ್ಪು ಹೇಳಿಬಿಡುತ್ತಾರೆ.

ಇದೇ ಮಣಿಕಟ್ಟು ಬ್ಯಾಂಕಿನ ಮ್ಯಾನೇಜರರದಾಗಿದ್ದರೂ ಮೂವತ್ತೆಂಟೇ. ಅವರು ಎಡಗೈಯಲ್ಲಿ ಸಹಿ ಕಲಿತು ಸೋಮವಾರ ಡ್ಯೂಟಿಗೆ ಹಾಜರಾಗುತ್ತಾರೆ. ಇವನ ಒಲೆ ಆರುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರವನ್ನು ಒಮ್ಮೆ ಕೈಗೆತ್ತಿಕೊಂಡು ಓದಿ. ಹೆಸರು, ಹುಟ್ಟಿದ ತಾರೀಖು, ವಿಳಾಸ, ರೋಗದ ಹೆಸರು, ದೇಹದ ಯಾವ ಭಾಗಕ್ಕೆ ಎಷ್ಟು ಪ್ರತಿಶತ, ಕೊನೆಗೆ ಸಹಿ ಇಲ್ಲವೇ ಹೆಬ್ಬೆಟ್ಟು. ಈ ಮನುಷ್ಯ ಏನು ಮಾಡಿ ಉಣ್ಣುತ್ತಿದ್ದ, ಈಗ ಅದನ್ನು ಮಾಡಬಲ್ಲನೇ ಎಂಬ ಒಂದು ಸಾಲೂ ಅದರಲ್ಲಿಲ್ಲ.

ಇದನ್ನೇನು ನಾನು ಹೊಸದಾಗಿ ಕಂಡುಹಿಡಿದು ಹೇಳುತ್ತಿಲ್ಲ. ಒಡಿಶಾದ ಜೈಪುರದಲ್ಲಿ ಸಿನೆಮಾ ಮಂದಿರದ ಅಲಂಕಾರದ ಕೆಲಸ ಮಾಡುವಾಗ ಬಿದ್ದ ಬಡಗಿಯೊಬ್ಬನ ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಬೇಕಾಯಿತು. ಒಂದು ಕೈ ಹೋದರೆ ನೂರಕ್ಕೆ ನೂರು ಹೇಗಾದೀತು ಎಂದು ಮಾಲೀಕರು ವಾದಿಸಿದರು. ಒಂಟಿ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಪೂರ್ತಿ ಎಂದು ಪರಿಹಾರ ಆಯುಕ್ತರು ಹೇಳಿದ್ದನ್ನೇ 1975ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2010ರ ರಾಜ್‌ಕುಮಾರ್–ಅಜಯ್‌ಕುಮಾರ್ ತೀರ್ಪಿನಲ್ಲಿ ಅದೇ ಕೋರ್ಟ್ ಇನ್ನಷ್ಟು ಬಿಡಿಸಿ ಹೇಳಿದೆ: ಅಂಗದ ಊನದ ಪ್ರತಿಶತ ಬೇರೆ, ಗಳಿಕೆ ಕಳೆದುಕೊಂಡ ಪ್ರತಿಶತ ಬೇರೆ, ಎಡಗೈ ಹೋದ ಚಾಲಕನೂ ಎಡಗೈ ಹೋದ ಗುಮಾಸ್ತನೂ ಒಂದೇ ಅಲ್ಲ. ಅಪಘಾತದ ಕೇಸು ನಡೆಸುವ ವಿಜಯಪುರದ ಯಾವ ವಕೀಲರನ್ನು ಕೇಳಿದರೂ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ವಿಮಾ ಕಂಪನಿ ಹಣ ಕೊಡುವಾಗ ಇರುವ ನ್ಯಾಯ ಸರ್ಕಾರವೇ ಕೊಡುವಾಗ ಯಾಕಿಲ್ಲ?

ಇನ್ನು ಯಾವ ಊನಕ್ಕೆ ಪ್ರಮಾಣಪತ್ರ ಎಂಬ ಪಟ್ಟಿಯ ವಿಚಾರ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಒಳ್ಳೆಯದೇ ಆಯಿತು. ಆದರೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವನ ಮೂತ್ರಪಿಂಡ ಆ ಪಟ್ಟಿಯಲ್ಲಿಲ್ಲ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವನ ಹೃದಯವೂ ಇಲ್ಲ.

ನಲವತ್ತು ದಾಟಿತು ಎಂದೇ ಇಟ್ಟುಕೊಳ್ಳಿ. ಆಗ ಆದಾಯದ ಬೇಲಿ. ಮನೆಯ ಆದಾಯ ವರ್ಷಕ್ಕೆ 32,000 ರೂಪಾಯಿ ಮೀರಬಾರದು. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹೆಂಡತಿ ನೂರು ದಿನ ಬದು ಹಾಕಿದರೆ 37,000. ಅಂದರೆ ಸರ್ಕಾರವೇ ಕೊಟ್ಟ ಕೆಲಸವನ್ನು ಪೂರ್ತಿ ಮಾಡಿದ ಮನೆಯ ಗಂಡಸಿಗೆ ಸರ್ಕಾರದ್ದೇ ಪಗಾರ ಸಿಗುವಂತಿಲ್ಲ. ಹಾಗಾಗಿ ಆದಾಯ ಪ್ರಮಾಣಪತ್ರದಲ್ಲಿ ಎಲ್ಲರೂ ಸೇರಿ ಸುಳ್ಳು ಬರೆಯುತ್ತಾರೆ. ಅರ್ಜಿದಾರನಿಗೂ ಗೊತ್ತು, ತಲಾಟಿಗೂ ಗೊತ್ತು. ಬಡವನಿಂದ ಮೊದಲು ಸುಳ್ಳು ಹೇಳಿಸಿ, ಆಮೇಲೆ ಬೋಗಸ್ ಎಂದು ಬೊಬ್ಬೆ ಹೊಡೆಯುವ ಈ ನಾಟಕ ಅಸಹ್ಯ.

ಇಷ್ಟೆಲ್ಲ ದಾಟಿ ಕೈಗೆ ಬರುವುದೆಷ್ಟು? ನಲವತ್ತರ ಮೇಲೆ, ಎಪ್ಪತ್ತೈದರೊಳಗಿದ್ದರೆ ತಿಂಗಳಿಗೆ 800 ರೂಪಾಯಿ. 2021ರಲ್ಲಿ 600ರಿಂದ ಏರಿಸಿದ್ದು. ದೈಹಿಕ ಊನ ಎಪ್ಪತ್ತೈದು ಮೀರಿದರೆ 1,400. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ವೃದ್ಧರಿಗೆ 1,200. ಈಗ 2016ರ ಕಾಯ್ದೆಯ 24ನೇ ಕಲಮು ಏನನ್ನುತ್ತದೆ ನೋಡಿ: ಅಂಗವಿಕಲರಿಗೆ ಕೊಡುವ ನೆರವು ಇತರರ ಅಂಥದೇ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. 1,200ಕ್ಕೆ ಕಾಲು ಭಾಗ ಸೇರಿಸಿದರೆ 1,500. ನಮ್ಮ 800 ಹೋಗಲಿ, ದೈಹಿಕ ಊನ ಎಪ್ಪತ್ತೈದು ಮೀರಿದವರ 1,400 ಕೂಡ ಈ ಲೆಕ್ಕಕ್ಕೆ ಮುಟ್ಟುವುದಿಲ್ಲ. ಅದೇ ಕಲಮಿನಲ್ಲಿ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತಿದೆ, ಬೊಕ್ಕಸ ಕಾಯುವವರು ಅದರ ಹಿಂದೆ ಅಡಗುತ್ತಾರೆ. ಮನೆಯ ಯಜಮಾನಿಗೆ 2,000 ಕೊಡುವ ಸಾಮರ್ಥ್ಯವಿರುವ ರಾಜ್ಯ ಇದು. ಗೃಹಲಕ್ಷ್ಮಿ ಬೇಡ ಎನ್ನುತ್ತಿಲ್ಲ. ಆ ಯಜಮಾನಿಯ ಪಕ್ಕದಲ್ಲೇ ಮಲಗಿದವನಿಗೆ 800 ಯಾಕೆ ಎಂದಷ್ಟೇ ಕೇಳುತ್ತಿದ್ದೇನೆ. ಆಂಧ್ರಪ್ರದೇಶ 2024ರ ಜುಲೈನಿಂದ ಅಂಗವಿಕಲರಿಗೆ 6,000, ಹಾಸಿಗೆ ಹಿಡಿದವರಿಗೆ 15,000 ಕೊಡುತ್ತಿದೆ. ಅಲ್ಲೂ ಮರುಪರಿಶೀಲನೆ, ಪರ್ಸೆಂಟಿನ ಜಗಳ ತಪ್ಪಿಲ್ಲ ನಿಜ. ಜಗಳವಾಡಲಿಕ್ಕಾದರೂ ಅಲ್ಲಿ ಏನೋ ಇದೆ.

ದುಡಿಮೆಯನ್ನು ಅಳೆಯಲು ಹೊರಟರೆ ಎಲ್ಲರೂ ‘ನನಗಾಗುವುದಿಲ್ಲ’ ಎನ್ನುತ್ತಾರಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಪಟ್ಟಣದಲ್ಲಿ ಅದು ಸ್ವಲ್ಪ ನಿಜವಿರಬಹುದು. ಹಳ್ಳಿಯಲ್ಲಿ ಯಾರು ಯಾವ ಹೊಲಕ್ಕೆ ಹೋದರು, ಯಾರು ಎಷ್ಟು ದಿನದಿಂದ ಮನೆ ಹಿಡಿದಿದ್ದಾರೆ ಎಂಬುದು ಗುಟ್ಟಲ್ಲ. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ ಪಂಚಾಯಿತಿಯಲ್ಲೇ ಇದೆ. ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ, ಯಾರ ಕಷ್ಟ ನಿಜ ಯಾರದು ನಟನೆ ಎಂದು ಅವರಿಗಿಂತ ಬಲ್ಲವರು ಯಾರು? ಅವರ ವರದಿಯನ್ನು ವೈದ್ಯರ ಪ್ರತಿಶತದ ಜೊತೆಗಿಟ್ಟು ನೋಡಲಿ, ಕೊನೆಯ ಮಾತು ತಹಶೀಲ್ದಾರರು ಹೇಳಲಿ, ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ದಾರಿ ಇರಲಿ. ಮೈಬಗ್ಗಿಸಿ ದುಡಿಯುವವರಿಗೆ ನಲವತ್ತರ ಗೆರೆ ಅಡ್ಡ ಬರಬಾರದು. ಆದಾಯದ ಮಿತಿಯಿಂದ ಉದ್ಯೋಗ ಖಾತ್ರಿ ಕೂಲಿಯನ್ನು ಹೊರಗಿಡಲು ಒಂದು ಸುತ್ತೋಲೆ ಸಾಕು, ಅದಕ್ಕೆ ಬಜೆಟ್ಟಿನ ತನಕ ಕಾಯಬೇಕಿಲ್ಲ. 1,500 ರೂಪಾಯಿಗೆ ಮಾತ್ರ ಬಜೆಟ್ ಬೇಕು. ಅದನ್ನು ದಯೆಯೆಂದು ಯಾರೂ ಬೇಡುತ್ತಿಲ್ಲ. ಆ ಕಾಲು ಭಾಗದ ಹೆಚ್ಚಳ ಕಾಯ್ದೆ ಜಾರಿಗೆ ಬಂದ 2017ರ ಏಪ್ರಿಲ್‌ನಿಂದ ಬಾಕಿ.